ಮನಿಯವರ ಹದಿನಾಲ್ಕು ಕೌದಿಗಳು

೧೯೪೧ನೆಯ ಇಸವಿಯಲ್ಲಿ ಮುಂಡಗೋಡದ ಧರ್ಮಾರ್ಥ ಹೆರಿಗೆ ಮನೆಯ ದಾನಿಗಳ ಪುಸ್ತಕದಲ್ಲಿ ಒಂದೇ ಒಂದು ಚಿತ್ತುಕಾಟು ಇರಲಿಲ್ಲ. ಹಂಚು ಸೋರುತ್ತಿತ್ತು, ಮಂಚ ನಾಲ್ಕೇ ಇದ್ದವು. ಪುಸ್ತಕ ಮಾತ್ರ ತೊಳೆದಿಟ್ಟ ತಾಟಿನಂತಿತ್ತು. ಅಧ್ಯಕ್ಷರಾದ ಅಡಿವೆಯ್ಯನವರ ಅಪ್ಪಣೆ ಹೀಗಿತ್ತು: ದಾನಿಯ ಬಾಯಿಂದ ಬಂದದ್ದನ್ನೇ ಬರೆಯತಕ್ಕದ್ದು, ಒಂದು ಮನೆಗೆ ಒಂದೇ ನಮೂದು, ದಾನ ಕೊಟ್ಟ ಮನೆಗೆ ವರ್ಷಕ್ಕೆ ಒಂದೇ ಹೆರಿಗೆಗೆ ಮಂಚ, ಬರೆದದ್ದನ್ನು ಯಾವ ಕಾರಣಕ್ಕೂ ಹೊಡೆದುಹಾಕತಕ್ಕದ್ದಲ್ಲ.

ಸನವಳ್ಳಿಯ ಗೋಪಿಬಾಯಿ ಅಲ್ಲಿಗೆ ಕೌದಿ ಕೊಟ್ಟದ್ದು ಪುಣ್ಯದ ಆಸೆಗಲ್ಲ. ಮಗಳು ಪ್ರೇಮಾಬಾಯಿಯ ಮೊದಲ ಕೂಸು ಮನೆಯ ಮೂಲೆಯಲ್ಲಿ ಹುಟ್ಟಿ, ಉಸಿರಾಡದೆ ಹೋಗಿತ್ತು. ಎರಡನೆಯದಾದರೂ ಮಂಚದ ಮೇಲೆ, ನರ್ಸಬಾಯಿಯ ಕೈಯಲ್ಲಿ ಹುಟ್ಟಲಿ ಎಂದು ಎರಡು ತಿಂಗಳು ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊಲಿದಿದ್ದಳು.

ಗುಮಾಸ್ತ ಶಿವಲಿಂಗಪ್ಪ ಗಂಡನ ಹೆಸರು ಕೇಳಿದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

"ನಮ್ಮ ಮನಿಯವ್ರು," ಎಂದಳು ಗೋಪಿಬಾಯಿ.

"ಅದು ಹೆಸರಲ್ಲ ಅಂತ ನನಗೂ ಗೊತ್ತೈತಿ. ಆದ್ರ ಬಾಯಿಂದ ಬಂದದ್ದ ಬರೀಬೇಕು," ಎಂದು ಶಿವಲಿಂಗಪ್ಪ ಮುತ್ತಿನಂಥ ಅಕ್ಷರದಲ್ಲಿ 'ಮನಿಯವರು' ಎಂದು ಬರೆದ. ಅವಳ ಹಿಂದೆ ಕೌದಿ ಹೊತ್ತು ನಿಂತಿದ್ದ ಹದಿಮೂರು ಹೆಂಗಸರೂ ಅದನ್ನೇ ಹೇಳಿದರು.

ವರ್ಷದ ಕೊನೆಗೆ ಪುಸ್ತಕದ ಶುದ್ಧಪ್ರತಿ ತೆಗೆಯುವಾಗ ಒಬ್ಬನೇ ಗಂಡನ ಹೆಸರಿನಲ್ಲಿ ಹದಿನಾಲ್ಕು ನಮೂದುಗಳು ಕಂಡವು. ಅಪ್ಪಣೆಯಂತೆ ಅವನ್ನು ಒಂದು ಮಾಡಲಾಯಿತು. ಹೀಗಾಗಿ ಸನವಳ್ಳಿಯ ಮನಿಯವರು ಸುತ್ತಲಿನ ಹತ್ತೂರಿಗೇ ದೊಡ್ಡ ದಾನಿಯೆನಿಸಿದರು. ವಾರ್ಷಿಕ ಸಭೆಯಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದರು. ಅವರು ಬಾರದ ಕಾರಣ ಮಾಲೆಯನ್ನು ಕುರ್ಚಿಗೇ ಹಾಕಿದರು. ಅಡಿವೆಯ್ಯನವರು ಅವರ ಸರಳತೆಯನ್ನು ಕುರಿತು ಅರ್ಧ ತಾಸು ಮಾತಾಡಿದರು.

ಹೋಳಿ ಮುಗಿದ ಮೂರನೆಯ ದಿನ ಗೋಪಿಬಾಯಿ, ಬೇನೆ ತಿನ್ನುತ್ತಿದ್ದ ಮಗಳನ್ನು ಚಕ್ಕಡಿಯಲ್ಲಿ ಕರೆತಂದಳು. ಚಕ್ಕಡಿ ಹೊಡೆದವನು ಗೋಪಿಬಾಯಿಯ ಗಂಡ.

"ನಿಮ್ಮ ಮನಿ ಪಾಳಿ ಮುಗದೈತಿ," ಎಂದ ಶಿವಲಿಂಗಪ್ಪ. "ಹೋದ ತಿಂಗಳ, ನಿಮ್ಮ ಜೋಡಿ ಕೌದಿ ಕೊಟ್ಟ ಫೂಲಿಬಾಯಿ ಸೊಸಿ ಇಲ್ಲೇ ಹಡದ್ಲಲ್ಲ."

"ಫೂಲಿಬಾಯಿ ಮನಿ ಬ್ಯಾರೆ, ನಮ್ಮನಿ ಬ್ಯಾರೆ ರೀ."

"ಗಂಡ ಒಬ್ಬನ ಅಲ್ಲೇನು? ಪುಸ್ತಕದಾಗ ಹಂಗ ಐತಿ."

ಚಕ್ಕಡಿಯಲ್ಲಿ ಪ್ರೇಮಾಬಾಯಿ ನರಳಿದಳು. ಗೋಪಿಬಾಯಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಗಂಡನ ಹೆಸರು ಗೇಮಪ್ಪ."

ಎತ್ತಿನ ಹಗ್ಗ ಹಿಡಿದಿದ್ದ ಗೇಮಪ್ಪ ತಲೆ ತಗ್ಗಿಸಿದ. ಅವಳಿಗೆ ನಾಚಿಕೆಯಿಂದ ಜೀವ ಹೋದಂತಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಶಿವಲಿಂಗಪ್ಪ ಪುಸ್ತಕ ತಿರುವಿದ. "ಆ ಹೆಸರಿನ ದಾನಿ ಇಲ್ಲ. ತಿದ್ದಬೇಕಂದ್ರ ಚಿತ್ತು ಹೊಡೀಬೇಕು. ಮುಂದಿನ ಶುದ್ಧಪ್ರತಿ ತನಕ ತಡೀರಿ."

ಬೇನೆ ಅಷ್ಟು ದಿನ ತಡೆಯಲಿಲ್ಲ. ತುರ್ತಾಗಿ ಕರೆದ ಸಮಿತಿ ಬಂದು ಕೂಡುವಷ್ಟರಲ್ಲಿ ಪ್ರೇಮಾಬಾಯಿ ಜಗಲಿಯ ಮೇಲೆಯೇ ಹಡೆದಳು. ನರ್ಸಬಾಯಿ ಕಾಶೆವ್ವ ಅಪ್ಪಣೆಗಳನ್ನು ಓದಿದವಳಲ್ಲ, ಆದ್ದರಿಂದ ಓಡಿಬಂದಳು. ಗಂಡು ಕೂಸು ಗಟ್ಟಿಯಾಗಿ ಅತ್ತಿತು. ಅದನ್ನು ಕೇಳಿದ ಗೋಪಿಬಾಯಿ ಗೋಡೆಗೊರಗಿ ಕುಸಿದು, ತಾನೂ ಅತ್ತಳು.

ಸಮಿತಿ ಎರಡು ತಾಸು ಕೂತು ಒಮ್ಮತದ ಠರಾವು ಮಾಡಿತು: 'ಮಹಾದಾನಿಗಳಾದ ಮನಿಯವರು ಇಲ್ಲಿದ್ದರೆ ಬೇಡವೆನ್ನುತ್ತಿರಲಿಲ್ಲವಾದ್ದರಿಂದ, ಅವರ ವಿಶೇಷ ಕೃಪೆಯ ಮೇರೆಗೆ ಬಾಣಂತಿಗೆ ಮಂಚ ಕೊಡತಕ್ಕದ್ದು. ಬಾಣಂತಿಯ ತಂದೆ ಸದರಿಯವರಿಗೆ ಉಪಕಾರಸ್ಮರಣೆಯ ಪತ್ರ ಬರೆದುಕೊಡತಕ್ಕದ್ದು.'

ಪತ್ರವನ್ನು ಶಿವಲಿಂಗಪ್ಪನೇ ಬರೆದು ಓದಿ ಹೇಳಿದ.

"ಈ ಮನಿಯವ್ರು ಅಂದ್ರ ಯಾರ್ರೀ?" ಎಂದು ಗೇಮಪ್ಪ ಕೇಳಿದ.

"ಭಾಳ ದೊಡ್ಡವ್ರು. ಮುಂದ ಬಂದು ಮೆರೆಯೂದಿಲ್ಲ."

"ಕೆಳಗ ಇವರ ಹೆಸರು ಬರಕೋರಿ," ಎಂದಳು ಗೋಪಿಬಾಯಿ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ಗೇಮಪ್ಪ."

"ಹೆಸರು ಬ್ಯಾಡವಾ. ಪುಸ್ತಕದಾಗ ಇಲ್ಲದ ಹೆಸರು ದಫ್ತರದಾಗ ಬರಬಾರದು. ಹೆಬ್ಬೆಟ್ಟು ಸಾಕು."

ಗೇಮಪ್ಪ ಹೆಬ್ಬೆಟ್ಟು ಒತ್ತಿದ. ಮೊಮ್ಮಗನನ್ನು ನೋಡಲು ಒಳಗೆ ಹೋದವನು ಮಂಚದೆದುರು ನಿಂತು ಮನಸಾರೆ ಕೈಮುಗಿದ.

"ಮನಿಯವ್ರು ನೂರು ವರ್ಷ ಬಾಳ್ಲಿ," ಎಂದ.

ಹಾಗೇ ಆಗಲಿ ಎಂದು ಗೋಪಿಬಾಯಿಯೂ ಕೈಮುಗಿದಳು.