ತವರಿಗೆ ಬಂದ ಮೀನಿನ ಜೋಡಿ

ನಮ್ಮ ಮನಿಯಾಗ ನಗು ಬರೋ ಸಂಗತಿಗಳು ಅಳು ಬರೋ ದಿನಾನ ಹುಡುಕ್ಕೊಂಡು ಬರ್ತಾವು. ಎಲ್ಲಾರೂ ಉಂಡು ತಿಂದು ಚಂದಾಗಿರೋ ದಿನ ಒಂದೂ ಬರಂಗಿಲ್ಲ. ನಮ್ಮತ್ತಿ ತೀರಿಕೊಂಡ ದಿನ ಹೆಣದ ಮುಂದ ಕುಂತು ಬಾಯಿಗೆ ಸೆರಗು ತುರುಕ್ಕೊಂಡು ನಕ್ಕಾಕಿ ನಾನು. ಅದು ಬ್ಯಾರೆ ಕಥಿ. ಈಗ ಹೇಳೋದು ಪಂಚಮಿಯಿಂದ ದಸರಾದ ತನಕ ಇಟ್ಟಿಗಿ ಊರಾಗಿನ ನಮ್ಮ ಮನಿ ಪಡಸಾಲ್ಯಾಗ ಇದ್ದ ಒಂದು ಜೋಡಿ ಮೀನಿನ ಸಂಗತಿ. ಸಾರು ಮಾಡೋ ಮೀನಲ್ಲ, ಗಾಜಿನ ಪೆಟ್ಟಿಗ್ಯಾಗ ಇಟ್ಟು ನೋಡೋ ಮೀನು.

ಯಾರ ಜೊತಿ ಯಾರು

ನನ್ನ ಮೊಮ್ಮಗಳನ್ನ ಹರಪನಹಳ್ಳಿಗೆ ಕೊಟ್ಟೈತಿ. ಹುಡುಗ ಸರಕಾರಿ ನೌಕರ. ಕುಡಿಯಂಗಿಲ್ಲ, ಇಸ್ಪೀಟು ಮುಟ್ಟಂಗಿಲ್ಲ. ಲಗ್ನ ಕೂಡಿಸಿದ ಹಿರ್ಯಾ ನಮ್ಮ ಕಟ್ಟಿ ಮ್ಯಾಲೆ ಕುಂತು, "ಅವನಿಗೆ ಇರೋದು ಒಂದ ಚಟ ನೋಡವ್ವ, ಮೀನು ಸಾಕೋದು" ಅಂದಿದ್ದ. ಇನ್ನೊಂದು ಚಟ ಐತಿ ಅನ್ನೋದು ಲಗ್ನ ಆದ ಮ್ಯಾಲೆ ತಿಳೀತು. ಹೆಂಡ್ತಿ ಎಲ್ಲಿ ನಿಂತ್ರ ಅಲ್ಲಿ ಬೆನ್ನ ಹಿಂದ ಬಂದು ನಿಲ್ಲೋದು. ಬಾಗಲಾ ಯಾಕ ತೆಗದಿ, ಫೋನ್ ಯಾರದು, ಪಲ್ಲೇಕ ಉಪ್ಪು ಹೆಂಗ ಹೆಚ್ಚಾತು, ನಿಮ್ಮವ್ವನ ಜೊತಿ ಅಷ್ಟೊತ್ತು ಏನು ಮಾತು. ಲಗ್ನ ಆದಾಗಿಂದ ಒಂದು ಪಂಚಮಿಗೂ ಆಕೀನ ತವರಿಗೆ ಕಳಿಸಿರಲಿಲ್ಲ.

ಈ ಸಲ ಬಾಗಲಕ್ಕ ಆಟೋ ಬಂದು ನಿಂತಾಗ ಆಕಿ ಅವ್ವ, ನನ್ನ ಸೊಸಿ, ಆರತಿ ತಟ್ಟಿ ಹಿಡಕೊಂಡು ಓಡಿದ್ಲು. ಆಟೋದಿಂದ ಮೊದಲು ಇಳಿದದ್ದು ಗಾಜಿನ ಪೆಟ್ಟಿಗಿ. ಆಮ್ಯಾಲೆ ನೀರಿನ ಕ್ಯಾನು, ಪಂಪು, ಕಾಳಿನ ಡಬ್ಬಿ. ಮೀನು ಇದ್ದ ಪ್ಲಾಸ್ಟಿಕ್ ಚೀಲ ಎದಿಗೆ ಅವಚಿಕೊಂಡು ಮೊಮ್ಮಗಳು ಕಡೀಕ ಇಳಿದ್ಲು. ಗಾಳಿಪಟದಂಗ ಮೂರು ಮೂಲಿ ಇರೋ, ಕರಿ ಪಟ್ಟಿ ಬಳಕೊಂಡ ಮೀನು. ಏಂಜಲ್ ಅಂತಾರಂತ. ಒಂದು ಗಂಡು, ಒಂದು ಹೆಣ್ಣು. ಮೊಟ್ಟಿ ಇಡಸಬೇಕಂತ ಅಳಿಯ ಎಲ್ಲಿಂದಲೋ ತರಿಸಿದ ಜೋಡಿ.

ಸೊಸಿ ಕಣ್ಣೀರು ಒರಸಿಕೊಂಡು, "ಕಡೀಕೂ ಅಳಿಯಂದ್ರು ದೊಡ್ಡ ಮನಸು ಮಾಡಿ ಕಳಿಸಿದ್ರಲ್ಲವ್ವ" ಅಂದ್ಲು.

"ಅವರಿಗೆ ಮೈಸೂರಿನಾಗ ಟ್ರೇನಿಂಗ್ ಐತಿ. ದಸರಾತನಕ ಬರಂಗಿಲ್ಲ. ಅತ್ತಿ ಮೀನಿನ ನೀರು ಮುಟ್ಟಂಗಿಲ್ಲ" ಅಂದ್ಲು ಮೊಮ್ಮಗಳು. "ನನ್ನ ಕಳಿಸಿಲ್ಲಬೇ. ಮೀನು ಕಳಿಸ್ಯಾರ. ಅವುಕ್ಕ ಜೊತಿ ಯಾರರ ಬೇಕಲ್ಲ, ನಾ ಬಂದೀನಿ."

ಮರುದಿನ ಬಳಿಗಾರಾಕಿ ಬಂದ್ಲು. ಬಳಿ ಇಡಸಾಕ ತೋಳು ಮುಂದ ಮಾಡಿದಾಗ ಮೊಣಕೈ ಮ್ಯಾಲೆ ಕಂದಿದ ಗುರ್ತು ಕಂಡಿತು. ಏನಿದು ಅಂದೆ. "ಬಾಗಲಾ ತಗಲ್ತಜ್ಜಿ" ಅಂದ್ಲು. ನಮ್ಮ ಕಾಲದಾಗೂ ಬಾಗಲಾನ ತಗಲ್ತಿದ್ದುವು. ಮನಿ ಎಲ್ಲಾ ಆರ್‌ಸಿಸಿ ಆದುವು, ಬಾಗಲಾ ಮಾತ್ರ ಹಳೇವ ಅದಾವ.

ಫೋನು

ಅಳಿಯ ಸಂಜೀಕ ವಿಡಿಯೋ ಕಾಲ್ ಮಾಡ್ತಾನ ಅಂತ ಗೊತ್ತಾತು. ಸೊಸಿಗೆ ಹಿಗ್ಗೋ ಹಿಗ್ಗು. "ಏಳ, ಮುಖ ತೊಳಕೋ, ಹೂವು ಮುಡಕೋ" ಅಂತ ಮಗಳ ಬೆನ್ನು ಹತ್ತಿದ್ಲು. ನನ್ನ ಮಗ ಇಸ್ತ್ರಿ ಅಂಗಿ ಹಾಕ್ಕೊಂಡ. ನಾನೂ ಸೆರಗು ತಲಿ ಮ್ಯಾಲೆ ಎಳಕೊಂಡೆ. ಎಲ್ಲಾರೂ ಗಾಜಿನ ಪೆಟ್ಟಿಗಿ ಮುಂದ ಸಾಲಾಗಿ ನಿಂತ್ವಿ, ಲಗ್ನದ ಫೋಟೋಕ್ಕ ನಿಂತಂಗ.

ಅಳಿಯನ ಮುಖ ಬಂತು. ಸೊಸಿ, "ಊಟ ಆತೇನ್ರಿ ಅಳಿಯಂದ್ರ" ಅಂದ್ಲು.

"ಆಗ್ತೈತಿ. ಎಲ್ಲಾರೂ ಒಂಚೂರು ಬಾಜೂಕ ಸರೀರಿ. ಹಿಂದ ಕಾಣವಲ್ದು" ಅಂದ.

ಸರಿದ್ವಿ. ಹೆಣ್ಣು ಮೀನು ಪಂಪಿನ ಹಿಂದ ಮೂಲ್ಯಾಗ ತಲಿ ಇಟ್ಟು ನಿಂತಿತ್ತು. ಅದನ್ನ ನೋಡಿದ್ದ ತಡ, ಅವನ ದನಿ ಬದಲಾತು. ಅಂಥಾ ಮೆತ್ತನ ದನಿ ಆ ಮನುಷ್ಯನ ಗಂಟಲಾಗ ಐತಿ ಅಂತ ನಮಗ ಯಾರಿಗೂ ಗೊತ್ತಿರಲಿಲ್ಲ. "ಯಾಕ, ಏನಾತು ಅದಕ್ಕ? ಉಣ್ಣವಲ್ದೇನು? ಯಾವಾಗಿಂದ ಹಿಂಗ ಸುಮ್ಮನಾಗೈತಿ? ಬಣ್ಣ ನೋಡು ಹೆಂಗ ಇಳದೈತಿ, ಪಾಪ."

ಮೊಮ್ಮಗಳು ಫೋನು ಹಿಡಕೊಂಡು ಮೂಲಿ ಮೂಲಿ ತೋರಿಸಿದ್ಲು. ಕಾಲ್ ಮುಗಿದ ಮ್ಯಾಲೆ ಅವರವ್ವ ಸಣ್ಣ ದನಿಲೆ, "ನಿನಗೇನಂದ್ರವ್ವ" ಅಂತ ಕೇಳಿದ್ಲು.

"ಕೈ ಅಲುಗಾಡಸಬ್ಯಾಡ ಅಂದ್ರು."

ಭಂಡಾರ

ಮೀನಿಗೆ ಏನಾಗೈತಿ ಅಂತ ನಾನ ಒಂದಿನ ಪೆಟ್ಟಿಗಿ ಮುಂದ ಕುಂತು ನೋಡಿದೆ. ಅದರಾಗ ಓದು ಬರಹ ಏನೂ ಬೇಕಾಗಿರಲಿಲ್ಲ. ಕಾಳು ಹಾಕಿದ್ರ ಗಂಡು ಮುಂದ ಬಂದು ತಿಂತೈತಿ. ಹೆಣ್ಣು ಬಂದ್ರ ರೆಕ್ಕಿ ಕಚ್ಚಿ ಓಡಸ್ತೈತಿ. ಮೂಲಿಗೆ ಹೋದ್ರ ಮೂಲಿಗೂ ಬರ್ತೈತಿ. ಗಂಡಿಗೆ ಮೊಟ್ಟಿ ಬೇಕು, ಹೆಣ್ಣಿಗೆ ಒಂದು ಮೂಲಿ ಬೇಕು.

ಬಾಜೂ ಮನಿಯಾಕಿ ನೋಡಾಕ ಬಂದ್ಲು. ಗಾಜಿಗೆ ಮೂಗು ಹಚ್ಚಿ, "ಹೊಂದ್ಕೊಂಡು ಹೋಗಬೇಕವ್ವ. ಗಂಡಸು ಅಂದ ಮ್ಯಾಲೆ ಒಂದೀಟು ಹಂಗ" ಅಂದ್ಲು. ಹಿಂದ ಮೊಮ್ಮಗಳು ತೊಗರಿಬ್ಯಾಳಿ ಆರಿಸ್ತಾ ಕುಂತಿದ್ಲು. ಬುದ್ಧಿ ಯಾರಿಗೆ ಹೇಳಿದ್ಲೋ. ಮೀನಿಗಂತೂ ಕಿವಿ ಕಾಣಲಿಲ್ಲ.

ಸೊಸಿ ಮಾತ್ರ ದೃಷ್ಟಿ ಆಗೈತಿ ಅಂತ ಹಟ ಹಿಡಿದ್ಲು. ದೇವರ ಜಗಲಿ ಮ್ಯಾಲೆ ಮೈಲಾರದ ಭಂಡಾರ ಇತ್ತು. ದೇವರ ಅರಿಷಿಣ ಪುಡಿ. ನಮ್ಮಲ್ಲಿ ಕುರಿಗಾಗ್ಲಿ ಕೂಸಿಗಾಗ್ಲಿ ಏನಾದ್ರೂ ಮೊದಲು ಅದನ್ನ ಹಣಿಗೆ ಹಚ್ಚೋದು. ಮೀನಿಗೆ ಹಣಿ ಎಲ್ಲೈತಿ ಅಂತ ಒಂದು ಗಳಿಗಿ ಹುಡುಕಿದ್ಲು. ಸಿಗಲಿಲ್ಲ. ನಾ ಬ್ಯಾಡಬೇ ಅನ್ನೋದ್ರಾಗ ಒಂದು ಬೊಗಸಿ ಪೆಟ್ಟಿಗಿಗೆ ಸುರುವಿಬಿಟ್ಲು.

ನೀರು ಬ್ಯಾಳಿಸಾರಾತು. ಒಳಗ ಏನೂ ಕಾಣವಲ್ದು. ಎರಡೂ ಸತ್ತುವು ಅಂತ ಸೊಸಿ ಎದಿ ಬಡಕೊಂಡ್ಲು. ಮೊಮ್ಮಗಳು ಸುಮ್ಮನ ಒಂದು ಚಿಟಿಗಿ ಕಾಳು ಹಾಕಿದ್ಲು. ನೋಡ್ರಿ, ಆ ಹಳದ್ಯಾಗ ಗಂಡಿಗೆ ಹೆಣ್ಣು ಕಾಣಲಿಲ್ಲ. ಅದು ಒಂದು ಕಡಿ ಸುತ್ತತಾನ ಇತ್ತು, ಇದು ಇನ್ನೊಂದು ಕಡಿ ಮ್ಯಾಲೆ ಬಂದು ಹೊಟ್ಟಿ ತುಂಬ ತಿಂದ್ತು. ಬಂದಾಗಿಂದ ಅದು ನೆಮ್ಮದಿಲೆ ಉಂಡದ್ದು ಅವತ್ತ ಒಂದಿನ.

ನೀರು ಬದಲಿ ಮಾಡ್ತಾ ಮೊಮ್ಮಗಳು, "ಅಜ್ಜಿ, ಭಂಡಾರ ಇನ್ನೂ ಉಳದೈತೇನು? ಹರಪನಹಳ್ಳಿಗೆ ಒಂದು ಚೀಲ ಬೇಕಾಗಿತ್ತು" ಅಂದ್ಲು.

ರೆಪ್ಪಿ

ನನ್ನ ಮೈದುನ ತಿಳುವಳಿಕಿ ಬಂದಾಗಿಂದ ಕುರಿ ಹಿಂದ ತಿರುಗಿದಾವ. ಕುರಿಗೆ ಜಡ್ಡು ಅಂದ್ರ ಮೊದಲು ಕೆಳಗಿನ ರೆಪ್ಪಿ ಎಳದು ನೋಡ್ತಾನ. ಒಳಗ ಕೆಂಪಗಿದ್ರ ಚಲೋ. ಬೆಳ್ಳಗಿದ್ರ ಮೈಯಾಗ ರಗತ ಇಲ್ಲ, ಹೊಟ್ಟ್ಯಾಗ ಹುಳ. ಅವನ ವೈದ್ಯಕಿ ಇಷ್ಟ.

ಮೀನಿಗೂ ಅದನ್ನ ಮಾಡಾಕ ಬಂದ. ತೋಳು ಮಡಚಿ ಕೈ ಇಳಿಬಿಟ್ಟು ಹೆಣ್ಣು ಮೀನ ಬೊಗಸ್ಯಾಗ ಹಿಡದ. ಹೊಳ್ಳಿಸಿ ಹೊಳ್ಳಿಸಿ ನೋಡಿದ. "ಅತ್ತಿಗಿ, ಇದಕ್ಕ ರೆಪ್ಪಿನ ಇಲ್ಲಲ್ಲ."

"ಹಂಗಾದ್ರ ನಿದ್ದಿ ಹೆಂಗ ಮಾಡ್ತೈತೋ" ಅಂದೆ ನಾನು.

"ಕಣ್ಣು ತೆರಕೊಂಡ ಮಲಗ್ತಾವಜ್ಜಿ" ಅಂದ್ಲು ಮೊಮ್ಮಗಳು.

"ಅದೆಂಗ ಬರ್ತೈತಿ ನಿದ್ದಿ?"

"ರೂಢಿ ಆಗ್ತೈತಿ."

ಮೈದುನ ಮೀನ ನೀರಿಗೆ ಬಿಟ್ಟು ಆಕಿ ಮುಖ ನೋಡಿದ. "ಬಾ ಇಲ್ಲಿ" ಅಂದಾವನ ಕುರಿ ಹಿಡದಂಗ ಗದ್ದ ಹಿಡದು ರೆಪ್ಪಿ ಕೆಳಗ ಎಳದ. ಸುಣ್ಣದಂಗ ಬೆಳ್ಳಗಿತ್ತು. ಇನ್ನೊಂದು ಕಣ್ಣಿನ ರೆಪ್ಪೀನೂ ಎಳದು ನೋಡಿದ. ಆಮ್ಯಾಲೆ ನನ್ನ ಕಡೆ ತಿರುಗಿ, "ಅತ್ತಿಗಿ, ಕುರಿ ಔಷಧಿ ತಂದೀನಿ. ಈಕಿಗೊಂದು ಗುಟುಕು ಕುಡಸ್ಲೇನು?" ಅಂದ.

ಬಡಿಗಿ ತಗೊಂಡು ಓಡಿಸಿದೆ. ಆದ್ರೂ ಒಂದು ಮಾತು ಹೇಳ್ತೀನಿ. ಅಲ್ಲಿತನಕ ಆ ಹುಡುಗಿಗೆ ಔಷಧಿ ಬೇಕು ಅಂತ ಬಾಯಿ ಬಿಟ್ಟಾವ ಅವನೊಬ್ಬನ, ಅದೂ ಕುರಿದು.

ಟೆನ್ಷನ್ನು

ಮೀನು ಸತ್ರ ಅಳಿಯಗ ಏನು ಹೇಳೋದು ಅಂತ ನನ್ನ ಮಗನಿಗೆ ಜೀವ ಹೋಗಾಕ ಹತ್ತಿತ್ತು. ಮಗಳ ಕೈಯಾಗಿಂದ ಫೋನು ತಗೊಂಡು ಮೀನಿನ ಫೋಟೋ ತೆಗದ, ಡ್ಯೂಟಿಗೆ ರಜಾ ಹಾಕಿದ, ಹಡಗಲಿಯ ಮೀನಿನ ಅಂಗಡಿಗೆ ಹೋದ.

ಅಂಗಡಿಯಾವ ದೊಡ್ಡ ವಕೀಲನಂಗ ಸವಾಲು ಮಾಡಿದ್ನಂತ. ಊಟ ಎಷ್ಟು ಮಾಡ್ತೈತಿ. ಮೂಲಿ ಹಿಡದು ನಿಲ್ಲತೈತೇನು. ಮೊದಲಿನ ಬಣ್ಣ ಐತೇನು. ಬೆನ್ನು ಹತ್ತೋರು ಯಾರರ ಅದಾರೇನು. ಹೊಸಾ ಜಾಗಾಕ್ಕ ಬಂದು ಎಷ್ಟು ದಿನ ಆತು. ನನ್ನ ಮಗ ಒಂದೊಂದಕ್ಕೂ ನೆನಪು ಮಾಡಿಕೊಂಡು ಜವಾಬು ಕೊಟ್ಟ. ಅಂಗಡಿಯಾವ, "ರೋಗ ಏನಿಲ್ರಿ ಸಾಹೇಬ್ರ, ಇದು ಟೆನ್ಷನ್. ಹಿಂಗ ಬಿಟ್ರ ಸಾಯ್ತೈತಿ" ಅಂದು, ನೀಲಿ ಔಷಧಿ, ಉಪ್ಪು, ನೀರು ಬೆಚ್ಚಗ ಮಾಡೋ ಕಡ್ಡಿ, ಒಂದು ಪ್ಲಾಸ್ಟಿಕ್ ಗಿಡ, ನಡುವ ನಿಲ್ಲಿಸಾಕ ಒಂದು ಗಾಜು, ಎಲ್ಲಾ ಕಟ್ಟಿಕೊಟ್ಟ. ಕೊಟ್ಟದ್ರಾಗ ಕೆಲಸಕ್ಕ ಬಂದದ್ದು ಗಾಜು ಒಂದ.

ಮನಿಗೆ ಬಂದಾವನ ಬೆವರು ಒರಸಿಕೊಳ್ಳದ ಗಾಜು ನಿಲ್ಲಿಸಿದ. ಅತ್ತಾಗ ಗಂಡು, ಇತ್ತಾಗ ಹೆಣ್ಣು. ಹೆಣ್ಣಿನ ಕಡೆ ಗಿಡ. ನಮ್ಮ ಕಡೆ ತಿರುಗಿ ಬಲು ಮರುಗಿ ಹೇಳಿದ, "ಯವ್ವಾ, ಮೂಕ ಜೀವ ನೋಡು. ಮನಸಿನಾಗ ಇಟ್ಟಕೊಂಡು ಇಟ್ಟಕೊಂಡು ಹಿಂಗಾಗೈತಿ."

ಮೊಮ್ಮಗಳು ಊಟದ ತಟ್ಟಿ ಮುಂದ ಕುಂತಿದ್ಲು. ಅರ್ಧ ರೊಟ್ಟಿ ಹಂಗ ಉಳದಿತ್ತು. ಬಂದಾಗಿಂದ ಆಕಿ ಉಣ್ಣೋದು ಅಷ್ಟ. ಉಣ್ಣಾಕ ಆಗವಲ್ದು ಅಂತ ಆಕಿ ಪಂಚಮಿ ಮರುದಿನಾನ ಅಪ್ಪನ ಮುಂದ ಹೇಳಿದ್ಲು. ಅಪ್ಪ ಮೆಡಿಕಲ್ ಶಾಪಿನಿಂದ ಒಂದು ಗುಳಿಗಿ ತಂದು ಕೊಟ್ಟಿದ್ದ.

ಆಕಿ ತಟ್ಟಿ ಸರಿಸಿ ಎದ್ದು ಕೈ ತೊಳಕೊಂತ ಅಂದ್ಲು, "ಮೀನಿಗೆ ಟೆನ್ಷನ್ನು. ನನಗ ಗ್ಯಾಸು."

ನಡುವಿನ ಗಾಜು

ಗಾಜು ನಿಂತ ಮ್ಯಾಲೆ ಹೆಣ್ಣು ಮೀನು ಸಣ್ಣಗ ಉಣ್ಣಾಕ ಹತ್ತಿತು. ಹರಿದ ರೆಕ್ಕಿ ತುದಿಗೆ ಹೊಸಾ ಚಿಗುರು ಬಂತು. ಮೊಮ್ಮಗಳೂ ಒಂದು ರೊಟ್ಟಿಗೆ ಬಂದ್ಲು. ದಸರಾ ಹತ್ತರ ಬಂತು. ಅಡಿಗಿ ಮನ್ಯಾಗ ನನ್ನ ಬಾಜೂಕ ಕುಂತು, "ಅಜ್ಜಿ, ನಾ ಹೋಗಂಗಿಲ್ಲ" ಅಂದ್ಲು. ಅಷ್ಟ ಅಂದ್ಲು. ನಾನು ಮಗನ ಮುಂದ ಹೇಳಿದೆ. "ಓಣ್ಯಾಗ ಏನಂತಾರ ಯವ್ವಾ" ಅಂದ. ಓಣಿ ಬಂದು ಬಾಗಲಾ ತಗಲಿಸಿಕೊಳ್ತೈತೇನೋ ಅಂದೆ. ಎದ್ದು ಮೀನಿಗೆ ಕಾಳು ಹಾಕಾಕ ಹೋದ.

ಅಳಿಯ ಬಂದ. ಕರಕೊಂಡು ಹೋಗಾಕ ಬಂದಾಗ ಮಾತಿಗೆ ಇರಲಿ ಅಂತ ಲಗ್ನ ಕೂಡಿಸಿದ ಹಿರ್ಯಾನ್ನೂ ಜೊತಿಗೆ ಹಾಕ್ಕೊಂಡು ಬಂದಿದ್ದ. ಹಿರ್ಯಾ ಹೋಳಿಗಿ ಉಂಡು, ಎಲಿ ಅಡಿಕಿ ಬಾಯಿಗೆ ಹಾಕ್ಕೊಂಡು, "ಆತಲ್ಲವ್ವ, ಮನಿ ಅಂದ ಮ್ಯಾಲೆ ಒಂದು ಮಾತು ಬರ್ತೈತಿ ಹೋಗ್ತೈತಿ. ಹುಡುಗಿ ಚೀಲ ಕಟ್ಟಲಿ" ಅಂದ. ಸೊಸಿ ಉಡಿ ತುಂಬಾಕ ಕೊಬ್ಬರಿ ಹುಡುಕಾಕ ಎದ್ಲು. ಎಲ್ಲಾ ಮುಗದಂಗ ಆತು.

ಕೊಬ್ಬರಿ ಸಿಗೋತನಕ ಹೊತ್ತು ಹೋಗಬೇಕಲ್ಲ. ಹಿರ್ಯಾ ಗಾಜಿನ ಪೆಟ್ಟಿಗಿ ನೋಡ್ತಾ, "ನಡುವ ಯಾಕಪ್ಪಾ ಗಾಜು ಇಟ್ಟೀರಿ? ಗಂಡ ಹೆಂಡ್ತಿ ಅಲ್ಲೇನು ಅವು" ಅಂತ ಕೇಳಿದ.

ಅಳಿಯನ ಮುಖ ಅರಳ್ತು. ಕುರ್ಚಿ ಎಳಕೊಂಡು ಪೆಟ್ಟಿಗಿ ಹತ್ರ ಕುಂತ. "ಮಾವ ಚಲೋ ಕೆಲಸ ಮಾಡ್ಯಾರ. ಇಲ್ಲಾಂದ್ರ ಹೆಣ್ಣು ಉಳೀತಿದ್ದಿಲ್ಲ. ಗಂಡು ಬೆನ್ನು ಹತ್ತಿ ಹತ್ತಿ ಅದಕ್ಕ ಜೀವನ ಬ್ಯಾಸರ ಆಗಿತ್ತು. ಮೊದಲು ಊಟ ಬಿಡ್ತಾವು, ಆಮ್ಯಾಲೆ ಮೂಲಿ ಹಿಡೀತಾವು, ಆಮ್ಯಾಲೆ ಬಣ್ಣ ಇಳೀತೈತಿ. ನೋಡಿದ್ರ ತಿಳೀಬೇಕು."

"ಈಗ ಗಾಜು ತೆಗದು ಕೂಡಿಸಿದ್ರ?"

"ತಪ್ಪು ಕೆಲಸ" ಅಂದ ಅಳಿಯ. "ಗಂಡಿಗೆ ಆ ಜಾಗಾ ಎಲ್ಲಾ ತನ್ನದ ಅನ್ನೋ ಸೊಕ್ಕು ಇರ್ತೈತಿ. ಅವಸರ ಮಾಡಿ ಬಿಟ್ರ ಮತ್ತ ಅದನ್ನ ಮಾಡ್ತೈತಿ. ಹೆಣ್ಣು ಹೊಟ್ಟಿ ತುಂಬ ಉಣ್ಣಬೇಕು, ಬಣ್ಣ ಬರಬೇಕು, ತಾನಾಗಿ ಮುಂದ ಬರಬೇಕು. ಅಲ್ಲಿತನಕ ಯಾರೂ ಬಲವಂತ ಮಾಡಬಾರ್ದು. ಗಂಡನ್ನ ಬೇಕಾದ್ರ ಒಯ್ದು ಬ್ಯಾರೆ ಇಡಬೇಕು, ಸೊಕ್ಕು ಇಳಿಯೋತನಕ."

ಹಿರ್ಯಾ ತಲಿ ಆಡಿಸಿದ. "ಖರೇ ಮಾತಪ್ಪಾ. ತಿಳುವಳಿಕಿ ಮಾತು." ನನ್ನ ಮಗಾನೂ ತಲಿ ಆಡಿಸಿದ. ಬಾಗಲದಾಗ ನಿಂತ ಬಾಜೂ ಮನಿಯಾಕೀನೂ ತಲಿ ಆಡಿಸಿದ್ಲು.

ಕೊಬ್ಬರಿ ಸಿಕ್ತು. ಅಳಿಯ ಎದ್ದು ಗಡಿಯಾರ ನೋಡಿ, "ನಡಿ, ಚೀಲ ತಗೋ. ಬಸ್ಸಿಗೆ ಹೊತ್ತಾತು" ಅಂದ.

ಮೊಮ್ಮಗಳು ಎದ್ದಾಕಿ ಚೀಲ ಮುಟ್ಟಲಿಲ್ಲ. ಮೆತ್ತಗ ಅಂದ್ಲು, "ಇನ್ನೂ ಬಣ್ಣ ಬಂದಿಲ್ಲ."

ಅಳಿಯ ಕೆಂಪಗಾದ. "ಅದು ಮೀನಿನ ಮಾತು" ಅಂದ. ಹಿರ್ಯಾನ ಕಡೆ ತಿರುಗಿ, "ನೀವರ ಹೇಳ್ರಿ" ಅಂದ.

ಹಿರ್ಯಾ ಆಕಿ ಮುಖದ ಕಡೆ ಒಂದು ಸಲ ನೋಡಿದ. ಎಲಿ ಅಡಿಕಿ ನುಂಗಿದ. "ಏನು ಹೇಳ್ಲೋ ಮಾರಾಯಾ. ನಿನ್ನ ಮಾತಿಗೆ ಈಗರ ಮ್ಯಾಲೆ ಕೆಳಗ ತಲಿ ಆಡಿಸೀನಿ. ಅಷ್ಟರಾಗ ಅಡ್ಡಡ್ಡ ಆಡ್ಸು ಅಂದ್ರ ಹೆಂಗ? ನನಗ ಮೊದಲ ಕುತ್ತಿಗಿ ನೋವು."

ನಾನು ಒಳಗ ಹೋಗಿ ಬಕೆಟ್ ತಂದು ಅಳಿಯನ ಮುಂದ ಇಟ್ಟೆ. ಅಂವ ಗಂಡು ಮೀನ ಅದರಾಗ ಬಿಟ್ಟುಕೊಂಡು, ಎರಡೂ ಕೈಲೆ ಹಿಡಕೊಂಡು, ಒಂದು ಹನಿ ತುಳುಕದಂಗ ಬಸ್ಸಿನ ಕಡೆ ನಡದ. ಉಡಿ ತುಂಬಾಕ ತಂದ ಕೊಬ್ಬರಿ ಕೈಯಾಗ ಹಿಡಕೊಂಡು ಸೊಸಿ ಅಳ್ತಿದ್ಲು. ಮೊಮ್ಮಗಳು ಆ ಕೊಬ್ಬರಿ ತಗೊಂಡು ಕಡಕೊಂಡು ತಿನ್ನಾಕ ಹತ್ತಿದ್ಲು. ನನಗ ಅಳಬೇಕೋ ನಗಬೇಕೋ ತಿಳೀಲಿಲ್ಲ. ಎರಡೂ ಮಾಡಿದೆ.

ದಸರಾ ಮುಗದ ಮ್ಯಾಲೆ ಅಳಿಯನ ತಾಯಿ ತನ್ನ ಮಗಳ ಮನಿಗೆ ಹೋದ್ಲಂತ, ಇಂವ ಖಾನಾವಳ್ಯಾಗ ಉಣ್ತಾನಂತ ಸುದ್ದಿ ಬಂತು. ಅದಾದ ಮ್ಯಾಲೆ ಒಂದು ಸಂಜೀಕ ಫೋನು ಬಂತು. ಮೊಮ್ಮಗಳು ಹೊಲಿಗಿ ಕ್ಲಾಸಿಗೆ ಹೋಗಿದ್ಲು, ನಾನ ಎತ್ತಿದೆ.

"ಅಜ್ಜಿ, ಗಂಡು ಮೀನು ಊಟಾನ ಬಿಟ್ಟೈತಿ. ಒಂದ ಮೂಲಿ ಹಿಡದು ನಿಂತೈತಿ. ಏನು ಮಾಡ್ಬೇಕೋ ತಿಳೀವಲ್ದು" ಅಂದ. ದನಿ ಇಳಿದಿತ್ತು.

"ಅಯ್ಯೋ ಪಾಪ" ಅಂದೆ. "ಅದಕ್ಕೂ ರೊಟ್ಟಿ ಬಡಿಯಾಕ ಬರಂಗಿಲ್ಲೇನಪ್ಪಾ?"