ಈರಬಸಪ್ಪ ಮಾಸ್ತರರ ನಕಾಶೆ ಫ್ಲಾಪಿ

ಅಣ್ಣಿಗೇರಿಯ ಹೈಸ್ಕೂಲಿಗೆ ಬೆಳಿಗ್ಗೆ ಎಂಟಕ್ಕೆ ಶಿಕ್ಷಣ ಇಲಾಖೆಯಿಂದ ಬಂದ ಲಕೋಟೆಯಲ್ಲಿ ಒಂದು ಪತ್ರ, ಕಂಪ್ಯೂಟರಿಗೆ ಹಾಕುವ ಅಂಗೈಯಗಲದ ಒಂದು ತೆಳು ಕರಿ ಫ್ಲಾಪಿ ಇದ್ದವು. ಇದು ೧೯೮೭ರ ಮಾತು. ಮಧ್ಯಾಹ್ನ ಮೂರಕ್ಕೆ ಸಾಹೇಬರು ತಪಾಸಣೆಗೆ ಬರುತ್ತಾರೆ, ಫ್ಲಾಪಿಯಲ್ಲಿರುವ ಭಾರತದ ನಕಾಶೆಯನ್ನು ಶಾಲೆಯ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸತಕ್ಕದ್ದು ಎಂದು ಪತ್ರದಲ್ಲಿ ಬರೆದಿತ್ತು.

ಕಂಪ್ಯೂಟರ್ ಬಂದು ಮೂರು ವರ್ಷವಾಗಿತ್ತು. ಹತ್ತು ದಿನದ ತರಬೇತಿಗೆ ಹೋಗಿ ಬಂದ ತಪ್ಪಿಗೆ ವಿಜ್ಞಾನದ ಈರಬಸಪ್ಪ ಮಾಸ್ತರರೇ ಅದರ ಡಾಕ್ಟರು, ಕಾವಲುಗಾರ ಎಲ್ಲ. ಅವರು ಫ್ಲಾಪಿ ತುರುಕಿದರು. ಮಶಿನ್ ಎರಡು ಸಲ ಗೊರಗೊರ ಅಂದು, ಇದು ನನಗೆ ಓದಲು ಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು.

"ತಿರುವಿ ಹಾಕ್ರಿ ಸರ. ಕ್ಯಾಸೆಟ್ಟಿಗೂ ಎರಡು ಬಾಜು ಇರ್ತಾವಲ್ಲ?" ಎಂದರು ಹಿಂದಿ ಕಲಿಸುವ ಗೌರಕ್ಕ ಟೀಚರು.

"ಥಂಡಿ ಹಿಡದೈತ್ರಿ. ಬಿಸಲಿಗೆ ಇಡೂಣು," ಎಂದ ಶಾಲೆಯ ಸಿಪಾಯಿ ಬಾಬಾಸಾಬ.

ಹೆಡ್‌ಮಾಸ್ತರ ಮಡಿವಾಳೆಪ್ಪನವರ ಮಾತು ಇನ್ನೂ ಸರಳವಾಗಿತ್ತು. "ಮಾಸ್ತರ, ನಕಾಶಿ ಕಾಣಲಿಲ್ಲಂದ್ರ ಸಾಹೇಬರ ಮುಂದ ನಿಮ್ಮ ಹೆಸರ ಹೇಳ್ತೀನಿ. ಅಳ್ನಾವರಕ್ಕ ವರ್ಗ ಆತಂದ್ರ ನನ್ನ ಬೈಬ್ಯಾಡ್ರಿ."

ಮಾಸ್ತರರು ಊರಲ್ಲಿ ಮನೆ ಕಟ್ಟಿಸಿದ್ದರು. ಅದರ ಗೋಡೆಯ ಗಿಲಾವು ಇನ್ನೂ ಹಸಿಯಿತ್ತು. ಅವರು ಹುಬ್ಬಳ್ಳಿಯ ಬಸ್ಸಿಗೆ ಓಡಿದರು.

ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಮಶಾಕಸಾಬ ಫ್ಲಾಪಿ ನೋಡಿಯೇ ನಕ್ಕರು. "ಇದು ಬ್ಯಾರೇ ಜಾತಿ ಮಶಿನ್‌ಗೆ ಬರದದ್ದು ಸರ. ಆ ಮಶಿನ್ ಭಾಷಾ ನಿಮ್ಮ ಮಶಿನ್‌ಗೆ ತಿಳಿಯೂದಿಲ್ಲ."

"ಏನರ ಉಪಾಯ ಐತೇನ್ರಿ?"

"ನಿಮ್ಮ ಮಶಿನ್‌ನ ಆ ಮಶಿನ್ ಹಂಗ ನಟನಾ ಮಾಡಸೂ ಪ್ರೋಗ್ರಾಮ್ ಒಂದು ಐತಿ. ನಕಾಶೀನೂ ನಿಮ್ಮ ಮಶಿನ್‌ ಓದೂ ಹಂಗ ಅದರ ಜೋಡಿ ಬ್ಯಾರೇ ಫ್ಲಾಪಿಗೆ ಹಾಕಿ ಕೊಡ್ತೀನಿ. ಆದ್ರ ಭಾಳ ನಿಧಾನ. ಮತ್ತ ಫ್ಲಾಪಿ ಬಾಗಬಾರದು ನೋಡ್ರಿ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ತರರು ಅಣ್ಣಿಗೇರಿಯವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ತಲೆಯ ಮೇಲೆ ಫ್ಲಾಪಿ ಹಿಡಿದು ನಿಂತರು. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಮುದುಕಿ ಕೇಳಿದಳು, "ಏನಪಾ, ಎಕ್ಸ್‌ರೇನ? ಯಾರಿಗೆ ಏನಾಗೈತಿ?" ಕೇಳಿದವರಿಗೆಲ್ಲ ಉತ್ತರ ಹೇಳಿ ಸಾಕಾಗಿ, ಕಡೆಗೆ ಅವರು "ಹೌದಬೇ, ನಂದ" ಎಂದುಬಿಟ್ಟರು. ಒಬ್ಬ ರೈತ ಎದ್ದು ಸೀಟು ಕೊಟ್ಟ.

ಒಂದೂವರೆಗೆ ಪ್ರೋಗ್ರಾಮ್ ಶುರುವಾಯಿತು. ಹತ್ತು ನಿಮಿಷ ಪರದೆ ಖಾಲಿ. ಆಮೇಲೆ ಮೇಲ್ಗಡೆ ನಾಲ್ಕು ಚುಕ್ಕೆ ಮೂಡಿದವು. ಬಾಬಾಸಾಬ ಹೆಗಲ ಮೇಲಿನ ವಸ್ತ್ರದಿಂದ ಗಸಗಸ ಒರೆಸಿದ.

"ಲೇ ಬಾಬಾಸಾಬ, ಅದು ಧೂಳಲ್ಲೋ! ಕಾಶ್ಮೀರ!" ಮಾಸ್ತರರು ಕೂಗಿದರು.

ನಕಾಶೆಯ ಗೆರೆ ಬಾಣಂತಿಯ ಹಾಗೆ ನಡೆಯುತ್ತಿತ್ತು. ಎರಡಕ್ಕೆ ಗುಜರಾತ ಮುಟ್ಟಿತು. ಮುಂಬಯಿಯ ಹತ್ತಿರ ಪೂರ್ತಿ ನಿಂತುಬಿಟ್ಟಿತು. ಗೌರಕ್ಕ ಕಣ್ಣು ಮುಚ್ಚಿ ಕೈಮುಗಿದರು. ಗೆರೆ ಮತ್ತೆ ಹೊರಟಿತು. ಮೂರಕ್ಕೆ ಹೊರಗೆ ಜೀಪಿನ ಸದ್ದಾಯಿತು. ಸಾಹೇಬರು ಒಳಗೆ ಬಂದಾಗ ಕನ್ಯಾಕುಮಾರಿ ದಾಟಿದ ಗೆರೆ ಬಂಗಾಳದ ಕಡೆ ಏರುತ್ತಿತ್ತು. ಅವರು ಕುರ್ಚಿ ಹಾಕಿಸಿಕೊಂಡು, ಎರಡು ಸಲ ಚಹಾ ಕುಡಿದು, ನಕಾಶೆ ಮುಗಿಯುವ ತನಕ ಕೂತರು. ಈರಬಸಪ್ಪನವರ ಅಂಗಿ ಬೆನ್ನಿಗೆ ಅಂಟಿತ್ತು.

"ಭಲೇ!" ಸಾಹೇಬರು ಎದ್ದು ಮಾಸ್ತರರ ಬೆನ್ನು ತಟ್ಟಿದರು. "ಇದು ಹೊಸಾ ಮಶಿನ್‌ಗೆ ಮಾಡಿದ ಫ್ಲಾಪಿ. ಹಳೇದರಾಗ ಯಾರೂ ಓಡಿಸಿಲ್ಲ ನೋಡ್ರಿ."

ಹೆಡ್‌ಮಾಸ್ತರರ ಮುಖ ಅರಳಿತು. "ನಮ್ಮ ಮಾರ್ಗದರ್ಶನರಿ ಸಾಹೇಬ್ರ."

"ಎಲ್ಲಿ ಇದು ಓಡೂದಿಲ್ಲೋ, ಆ ಸಾಲಿಗೆ ಹೊಸಾ ಮಶಿನ್ ಕೊಡ್ರಿ ಅಂತ ಆರ್ಡರ್ ಐತಿ. ನಿಮಗ ಅಂತ ಜೀಪಿನ್ಯಾಗ ತಂದಿದ್ದೆ. ಇನ್ನ ನಿಮಗ್ಯಾಕ? ನವಲಗುಂದಕ್ಕ ಕೊಡ್ತೀನಿ."

ಗೌರಕ್ಕ ಕಿಟಕಿಯಿಂದ ಜೀಪಿನ ಕಡೆ ಇಣುಕಿದರು.

"ಸಾಹೇಬ್ರ," ಮಡಿವಾಳೆಪ್ಪ ತಡವರಿಸಿದರು, "ಅದು ಅಷ್ಟೇನ ಛಲೋ ಓಡಲಿಲ್ರಿ. ನೀವ ನೋಡಿದ್ರಲ್ಲ, ಭಾಳ ಹೊತ್ತು ತಗೊಂತು..."

"ಕಲಿಯೂ ಹುಡುಗರಿಗೆ ಏನ್ರಿ ಅವಸರ?" ಸಾಹೇಬರು ಬಾಗಿಲಿಗೆ ಹೋದವರು ತಿರುಗಿದರು. "ಹಾಂ, ನವಲಗುಂದದಾಗ ಹೊಸಾದನ್ನ ಜೋಡಿಸಾಕ ಯಾರಿಗೂ ಬರೂದಿಲ್ಲ. ಮಾಸ್ತರ, ನೀವೂ ಜೀಪ್ ಹತ್ತರಿ. ಜೋಡಿಸಿ, ನಾಕು ದಿನ ಕಲಿಸಿ ಬರ್ರಿ."

ಈರಬಸಪ್ಪನವರು ಹೆಡ್‌ಮಾಸ್ತರರ ಕಡೆ ನೋಡಿದರು. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ಮಾಸ್ತರರು ಜೀಪಿನ ಹಿಂದೆ ಹತ್ತಿ, ನವಲಗುಂದದ ರಸ್ತೆಯ ತಗ್ಗಿಗೆ ಹೊಸ ಮಶಿನ್ ಅಲುಗಾಡದ ಹಾಗೆ ಅದರ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತರು.