ಹೊಳೆ ದಾಟಿಸುವ ಮಾವ

ನಮ್ಮ ಮಾವನಿಗೆ ಬಾಳೆಹೊನ್ನೂರಿನಲ್ಲಿ ಇರುವಷ್ಟು ಮರ್ಯಾದೆ ಯಾವ ದೊಡ್ಡ ಮನುಷ್ಯನಿಗೂ ಇಲ್ಲ. ಬೆಕ್ಕುಗಳ ನಡುವೆ ಅಂತ ಸೇರಿಸಿಬಿಡುತ್ತೇನೆ, ಇಲ್ಲದಿದ್ದರೆ ಊರವರು ಜಗಳಕ್ಕೆ ಬರುತ್ತಾರೆ! ಎಷ್ಟೋ ಮನೆಯ ಬೆಕ್ಕುಗಳನ್ನು ಹೊಳೆ ದಾಟಿಸಿದವನು ನಮ್ಮ ಮನೆಯ ಬೆಕ್ಕೊಂದನ್ನು ಮಾತ್ರ ದಾಟಿಸಲು ಒಪ್ಪಲಿಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಮಾವ ಅಂದರೆ ಅಮ್ಮನ ತಮ್ಮ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ನಮ್ಮ ಮನೆಯಲ್ಲೇ ಇದ್ದುಕೊಂಡು ಲಗೇಜ್ ಆಟೋ ಓಡಿಸುತ್ತಾನೆ. ನಮ್ಮ ಕಡೆ ಕಾಟ ಕೊಡುವ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ದಿಕ್ಕು ತಪ್ಪಲೆಂದು ಮೂರು ಸುತ್ತು ತಿರುಗಿಸಿ, ಹೊಳೆಯ ಆಚೆ ಬಿಟ್ಟು ಬರುವ ಪದ್ಧತಿ. ಹೊಳೆ ದಾಟಿದ ಬೆಕ್ಕು ವಾಪಸ್ ಬರುವುದಿಲ್ಲವಂತೆ. ಭದ್ರಾ ಸೇತುವೆ ಮೇಲೆ ದಿನಕ್ಕೆ ನಾಲ್ಕು ಸಲ ಓಡಾಡುವ ಮಾವನ ಪಾಲಿಗೆ ಈ ಇಲಾಖೆ ತಾನಾಗಿಯೇ ಬಂತು.

ಚೀಲ ತಿರುಗಿಸುವಾಗ ಅವನ ಮುಖದ ಗಾಂಭೀರ್ಯ ನೋಡಬೇಕು. ಅದು ಮನೆಯವರ ಸಮಾಧಾನಕ್ಕೆ ಮಾತ್ರ. ಸೇತುವೆ ಮುಟ್ಟುವ ಮೊದಲೇ ಬೆಕ್ಕನ್ನು ಬುಟ್ಟಿಗೆ ಬದಲಾಯಿಸಿ ಕ್ಷಮೆ ಕೇಳುತ್ತಾನೆ. ಆಮೇಲೆ ಹೆಣ್ಣು ಕೊಡುವವರ ಹಾಗೆ ಒಳ್ಳೆಯ ಮನೆ ಹುಡುಕುತ್ತಾನೆ. ಆಚೆಯವರು ಬೇಡವೆಂದದ್ದನ್ನು ಈಚೆಗೆ ತರುತ್ತಾನೆ. ಶೆಟ್ಟಿಕೊಪ್ಪದ ಒಬ್ಬರು ಸೋಮಾರಿ ಅಂತ ಕರಿಬೆಕ್ಕನ್ನು ದಾಟಿಸಿದರು. ಆರು ತಿಂಗಳಿಗೆ ಇಲಿ ಹೆಚ್ಚಾಗಿ, ಒಳ್ಳೆ ಬೆಕ್ಕು ಬೇಕೆಂದರು. ಮಾವ ಅದೇ ಬೆಕ್ಕಿಗೆ ಗೆಜ್ಜೆ ಕಟ್ಟಿ ಕೊಟ್ಟ. "ನಮ್ಮ ಹಳೇದು ಇದರ ಕಾಲ ಧೂಳಿಗೂ ಸಮ ಅಲ್ಲ ಮಾರಾಯ" ಅಂತ ಅವರು ಈಗಲೂ ಹೊಗಳುತ್ತಾರೆ.

ಮಾವನಿಗೆ ಬೆಕ್ಕಿನ ಬಗ್ಗೆ ತಿಳಿಯದ್ದಿಲ್ಲ. ಮೂರು ಬಣ್ಣದ್ದು ಕಂಡರೆ ಬಾಲ ಎತ್ತಿ ನೋಡದೆಯೇ ಹೆಣ್ಣು ಅನ್ನುತ್ತಾನೆ. ಒಮ್ಮೆ ಹೋಟೆಲಿನವರು, ಬೆಕ್ಕು ಬಾಸುಂದಿಗೆ ಬಾಯಿ ಹಾಕಿತು, ನಮ್ಮ ಸಿಹಿಯ ರುಚಿ ಅದಕ್ಕೂ ಗೊತ್ತು ಅಂತ ಬೀಗಿದರು. "ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯಲ್ಲ ಮಾರಾಯ್ರೆ, ಅದು ಬಂದದ್ದು ಹಾಲಿನ ಆಸೆಗೆ" ಅಂದ ಮಾವ. "ಪಾಪ, ಹಾಲೂ ಸಿಕ್ಕಿರಲಿಕ್ಕಿಲ್ಲ" ಅಂತ ಪಕ್ಕದ ಟೇಬಲ್ಲಿನವರು ಸೇರಿಸಿದರು. ಅದಕ್ಕೆ ಆ ಹೋಟೆಲಿನಲ್ಲಿ ಮಾವನಿಗೇಕೆ ವಾರವಿಡೀ ಕಾಫಿ ಬಂದ್ ಆಗಬೇಕಿತ್ತು?

ಹೋದ ವರ್ಷ ನೀಲಿ ಕಣ್ಣಿನ ಬಿಳಿ ಬೆಕ್ಕೊಂದು ತಾನಾಗಿಯೇ ನಮ್ಮ ಮನೆ ಸೇರಿತು. ನನಗೆ ಅದರ ಮೇಲೆ ಪ್ರಾಣ. ಆದರೆ ಅದು ಸದಾ ಹೊಸ್ತಿಲಲ್ಲಿ ಮಲಗುವುದು, ಅಮ್ಮ ಎಷ್ಟು ಗದರಿದರೂ ಕದಲುವುದಿಲ್ಲ. ಒಂದು ದಿನ ಅಮ್ಮ ಅದನ್ನು ಎಡವಿ, ಹಾಲಿನ ಪಾತ್ರೆ ಸಮೇತ ಬಿದ್ದು ಮಂಡಿ ಊದಿಸಿಕೊಂಡಳು.

"ಇದರ ಸೊಕ್ಕು ಸಾಕು. ಇವತ್ತೇ ದಾಟಿಸು" ಎಂದಳು.

ಮಾವ ಚೀಲ ತಂದವನು ಬೆಕ್ಕಿನ ಮುಖ ನೋಡಿ ನಿಂತುಬಿಟ್ಟ. ಸ್ಟೀಲ್ ತಟ್ಟೆಯೊಂದನ್ನು ತಂದು, ಬೆಕ್ಕಿನ ಹಿಂದೆ ನಿಂತು, ಸೌಟಿನಿಂದ ಬಾರಿಸಿದ. ನಾನು ಹಾರಿಬಿದ್ದೆ. ಬೆಕ್ಕು ಕಾಲು ನೆಕ್ಕುತ್ತಲೇ ಇತ್ತು.

"ಸೊಕ್ಕಲ್ಲ ಅಕ್ಕ, ಕಿವುಡು. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಸುಮಾರು ಹೀಗೇ. ನೀನು ಇಷ್ಟು ದಿನ ಬೈದದ್ದು ಒಂದೂ ಅದಕ್ಕೆ ಮುಟ್ಟಿಲ್ಲ."

"ಅಷ್ಟೂ ದಂಡವಾ?" ಅಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. "ಎಂತದಾದರೂ ಆಗಲಿ, ದಾಟಿಸು."

"ಕಿವುಡು ಬೆಕ್ಕನ್ನು ಯಾರು ಇಟ್ಕೊಳ್ತಾರೆ? ರಸ್ತೆಗೆ ಬಿಟ್ರೆ ಅದಕ್ಕೆ ಹಾರ್ನೂ ಕೇಳಲ್ಲ."

"ದಾಟಿದ ಮೇಲೆ ಅದರ ಹಣೆಬರಹ."

ಮಾವ ಚೀಲ ಮಡಚತೊಡಗಿದ. "ನನ್ನನ್ನೂ ಹೊಳೆ ದಾಟಿಸಿಯೇ ಬಿಟ್ಟು ಹೋದದ್ದಲ್ವಾ ಅಕ್ಕ" ಅಂದ.

ಮನೆಯಲ್ಲಿ ಯಾರೂ ಆಡದ ಮಾತು ಅದು. ಮಾವ ಅಮ್ಮನ ಒಡಹುಟ್ಟಿದವನಲ್ಲ. ಐದು ವರ್ಷದವನಿದ್ದಾಗ ದೂರದ ನೆಂಟರೊಬ್ಬರು ಅವನನ್ನು ಆಚೆ ದಡದಿಂದ ತಂದು ಅಜ್ಜಿಯ ಜಗಲಿಯಲ್ಲಿ ಕೂರಿಸಿ, ಸಂಜೆ ಬರುತ್ತೇನೆ ಅಂದು ಹೋದರಂತೆ. ಮತ್ತೆ ಬರಲಿಲ್ಲ.

"ಅವತ್ತು ನೀನು ನಿನ್ನ ಹಾಲಿನ ಲೋಟ ನನ್ನ ಕಡೆ ತಳ್ಳದಿದ್ರೆ, ನಾನು ಅತ್ತುಕೊಂಡು ವಾಪಸ್ ದಾರಿ ಹುಡುಕ್ತಿದ್ದೆ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳು ಕುಂಟುತ್ತ ಒಳಗೆ ಹೋಗಿ, ಪಾತ್ರೆಯ ತಳದಲ್ಲಿ ಉಳಿದಿದ್ದ ಹಾಲನ್ನು ಬಟ್ಟಲಿಗೆ ಸುರಿದು ತಂದಳು.

ಈಗ ಅಮ್ಮ ದಿನಾ ಬೆಳಿಗ್ಗೆ, ಮಾವ ಹೇಳಿಕೊಟ್ಟ ಹಾಗೆ, ನೋಯುವ ಮಂಡಿಯಲ್ಲೇ ನೆಲಕ್ಕೆ ಎರಡು ಸಲ ಕಾಲು ಕುಟ್ಟುತ್ತಾಳೆ. ನೆಲದ ಅದುರು ತಿಳಿದು ಬೆಕ್ಕು ಓಡಿ ಬರುತ್ತದೆ. ಅದರ ಹಿಂದೆಯೇ ಲೋಟ ಹಿಡಿದುಕೊಂಡು ಮಾವನೂ ಬರುತ್ತಾನೆ.